ಎಡಗಡೆಯ ಸೀಟು

"ನಾಯಿ!" ಎಂದು ಕಿರುಚಿದಳು ಮಗಳು.

ಅವನ ಕಾಲು ತಾನಾಗಿ ಬ್ರೇಕಿನ ಮೇಲೆ ಬಿತ್ತು. ಹಿಂದೆ ನೀರಿನ ಕ್ಯಾನುಗಳು ಒಂದಕ್ಕೊಂದು ತಾಗಿ ಗುಳುಗುಳು ಎಂದವು. ಎಡಗಡೆಯ ಎರಡು ಅಂಗಡಿಗಳ ಸಂದಿಯಿಂದ ಹೊರಬಿದ್ದ ಬಡಕಲು ನಾಯಿಯೊಂದು, ಈ ರಸ್ತೆ ತನ್ನಪ್ಪನದೇ ಎಂಬಂತೆ ವ್ಯಾನಿನ ಮೂತಿಯ ಮುಂದೆ ನಿಂತು ಮೈ ಕೆರೆದುಕೊಂಡು, ಆಮೇಲೆ ಸಾವಕಾಶವಾಗಿ ಆ ಬದಿಗೆ ದಾಟಿತು. ಅದು ನೇರ ಎದುರಿಗೆ ಬಂದ ಮೇಲೆಯೇ ಅವನಿಗೆ ಕಂಡದ್ದು.

"ನಂಗೊಂದು. ನಿಂಗೆ ಸೊನ್ನೆ. ಇವತ್ತೂ ಸೊನ್ನೆ!"

"ನಾನೂ ನೋಡಿದ್ದೆ ಕಣೇ ಕಟ್ಟಿರುವೆ. ಬಾಯಿ ತೆಗೆಯೋಷ್ಟ್ರಲ್ಲಿ ನೀನೇ ಕೂಗ್ಬಿಟ್ಟೆ."

"ಸುಳ್ಳು! ಸೋತೋರೆಲ್ಲ ಹಂಗೇ ಅನ್ನೋದು."

ಕಟ್ಟಿರುವೆ ಎಂಬುದು ಅವನೇ ಇಟ್ಟ ಹೆಸರು. ಒಂದು ಕಡೆ ಕೂತವಳಲ್ಲ, ಕೂತರೆ ಕಚ್ಚದೆ ಬಿಟ್ಟವಳಲ್ಲ. ಏಳು ತುಂಬಿ ಎಂಟಕ್ಕೆ ಬಿದ್ದಿದ್ದಳು. ಸೀಟಿನ ರೆಕ್ಸಿನ್ ಬಿಸಿಲಿಗೆ ಕಾದು ತೊಡೆ ಸುಡುತ್ತದೆಂದು ಅವನು ಹಾಸಿಕೊಟ್ಟ ಟವೆಲಿನ ಮೇಲೆ ಮಂಡಿಯೂರಿ, ಕಿಟಕಿಗೆ ಗದ್ದ ಆನಿಸಿ, ಹೊರಗೆ ಕಣ್ಣು ನೆಟ್ಟು ಕೂತಿರುತ್ತಿದ್ದಳು. ಬೆಳಗಿನಿಂದ ಮಧ್ಯಾಹ್ನದವರೆಗೆ ಇದೇ ಕೆಲಸ. ಯಾವ ಕಾವಲುಗಾರನೂ ಇಷ್ಟು ನಿಯತ್ತಿನಿಂದ ಕಾಯಲಾರ.

ಆಟದ ನಿಯಮ ಸುಲಭ. ಎಡಗಡೆಯಿಂದ ರಸ್ತೆಗೆ ಏನೇ ಅಡ್ಡ ಬರಲಿ, ಮೊದಲು ಕಂಡವರು ಮೊದಲು ಕೂಗಬೇಕು. ನಾಯಿ, ಬೆಕ್ಕಿಗೆ ಒಂದು. ಸೈಕಲ್ಲಿಗೆ ಎರಡು. ಮನುಷ್ಯರಿಗೆ ಮೂರು. ಕಂಬ, ಮರ, ಗೋಡೆಗಳಿಗೆ ಏನೂ ಇಲ್ಲ, ಪಾಪ ಅವು ನಿಂತಲ್ಲೇ ನಿಂತಿರುತ್ತವೆ, ಯಾರಿಗೂ ಅಡ್ಡ ಬರುವುದಿಲ್ಲ. ದೊಡ್ಡ ಫ್ಲ್ಯಾಟಿನ ಕಾವಲುಗಾರ ತಾತನಿಗೆ ಮಾತ್ರ ಹತ್ತು. ಹತ್ತು ಯಾಕೆಂದರೆ ತಾತ ಅವಳ ಸ್ನೇಹಿತ, ಅಷ್ಟೆ. ನಿಯಮ ಮಾಡಿದವಳು ಅವಳು, ಕೇಳುವವರು ಯಾರು?

ಆದರೆ ಆಟ ಹುಟ್ಟಿಸಿದವನು ಅವನು. ಅದು ಆಟವಲ್ಲ ಎಂಬುದು ಗೊತ್ತಿದ್ದವನೂ ಅವನೊಬ್ಬನೇ.

ಬೇಸಿಗೆ ಕಾಲಿಡುವ ಹೊತ್ತಿಗೆ ಅವನು ಕಣ್ಣಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದ, ಮನೆಯಲ್ಲಿ ಹೇಳದೆ. ಕೊಂಚ ದಿನದಿಂದ ಬಾಗಿಲ ಚೌಕಟ್ಟು ಭುಜಕ್ಕೆ ತಾಗುತ್ತಿತ್ತು, ಪಕ್ಕದಲ್ಲಿದ್ದ ಸ್ಟೂಲು ಕಾಲಿಗೆ ಸಿಗುತ್ತಿತ್ತು, ಸಂಜೆಯಾದರೆ ಸಾಕು, ಮೆಟ್ಟಿಲು ಯಾವುದು ನೆಲ ಯಾವುದು ಎಂದು ಕಾಲಿನಲ್ಲೇ ತಡಕಬೇಕಾಗುತ್ತಿತ್ತು. ಕನ್ನಡಕ ಕೊಡುತ್ತಾರೆ, ಹಾಕಿಕೊಂಡರಾಯಿತು ಎಂದುಕೊಂಡು ಹೋದವನು. ಡಾಕ್ಟರು ಎದುರಿಗೆ ಕೂತು, "ನನ್ನ ಮೂಗನ್ನೇ ನೋಡಿ. ಬೆರಳು ಕಂಡ ತಕ್ಷಣ ಹೇಳಿ" ಎಂದರು. ಅವನು ಮೂಗನ್ನು ನೋಡುತ್ತ ಕೂತ. ಕೂತೇ ಕೂತ. ಇವರು ಯಾಕೆ ಇನ್ನೂ ಶುರು ಮಾಡಿಲ್ಲ ಎಂದು ಕೇಳಬೇಕೆನ್ನುವಷ್ಟರಲ್ಲಿ ಬೆರಳು ಡಾಕ್ಟರ ಕೆನ್ನೆಯ ಹತ್ತಿರ ಮೂಡಿತು. ಅದೆಷ್ಟು ಹೊತ್ತಿನಿಂದ ಪಕ್ಕದಲ್ಲಿ ಆಡುತ್ತಿತ್ತೋ.

"ಎದುರಿನದ್ದು ಚೆನ್ನಾಗಿ ಕಾಣುತ್ತೆ ನಿಮಗೆ. ಪಕ್ಕದ್ದು ಹೋಗ್ತಾ ಇದೆ. ಹೋಗಿದ್ದು ವಾಪಸ್ ಬರಲ್ಲ. ಕನ್ನಡಕ, ಆಪರೇಷನ್, ಯಾವುದೂ ಇದಕ್ಕಿಲ್ಲ" ಎಂದು ನಿಧಾನವಾಗಿ ಹೇಳಿ, ಆಮೇಲೆ ಡಾಕ್ಟರು, "ಏನು ಕೆಲಸ ಮಾಡ್ಕೊಂಡಿದ್ದೀರಿ?" ಎಂದು ಕೇಳಿದರು.

"ಡ್ರೈವರ್."

ಡಾಕ್ಟರು ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಬಾಯಿಬಿಟ್ಟು ಬೈದಿದ್ದರೂ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ. "ಇವತ್ತೇ ಬಿಡಬೇಕು. ನಾಳೆಯಲ್ಲ" ಎಂದರು ಕೊನೆಗೆ.

ನಾಳೆ ಎಂದವನ ಮನೆ ಹಾಳು ಎನ್ನುತ್ತಾರೆ. ಅವನು ನಾಳೆ ಎಂದ. ನಾಳೆಯಾದ ಮೇಲೆ ಮುಂದಿನ ವಾರ ಎಂದ. ನೀರಿನ ಯಜಮಾನನಿಗೆ ಹೇಳಲು ಹೋದರೆ ಆತ ನಾಲ್ಕು ಜನರ ಎದುರು ಅವನ ಬೆನ್ನು ತಟ್ಟಿ, "ನೋಡ್ರೋ, ಇವನನ್ನ ನೋಡಿ ಕಲೀರಿ. ಇಷ್ಟು ವರ್ಷ ಆಯ್ತು, ಗಾಡಿಗೆ ಒಂದು ಗೀರು ಬಿದ್ದಿಲ್ಲ" ಎಂದುಬಿಟ್ಟ. ಹೆಂಡತಿಗೆ ಹೇಳಲು ಹೋದರೆ ಅವಳು ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತು ಬಂದು, ಊದಿದ ಪಾದಗಳನ್ನು ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು, ಗೋಡೆಗೆ ಒರಗಿ ಕಣ್ಣು ಮುಚ್ಚಿರುತ್ತಿದ್ದಳು. ಆ ಹೊತ್ತಿನಲ್ಲಿ ಬಾಯಿ ಬರುವುದು ಹೇಗೆ? ಸ್ಟೇರಿಂಗು ಬಿಟ್ಟರೆ ಅವನ ಕೈಗೆ ಬೇರೆ ಯಾವ ವಿದ್ಯೆಯೂ ಹತ್ತಿದ್ದಿಲ್ಲ. ಬಾಯಲ್ಲಿ ಬಿಸಿ ತುಪ್ಪ; ನುಂಗುವಂತಿಲ್ಲ, ಉಗುಳುವಂತಿಲ್ಲ.

ಬಲಗಡೆಯದ್ದನ್ನು ಹೇಗೋ ನಿಭಾಯಿಸಬಹುದಿತ್ತು. ಅವನ ಸೀಟು ಅದೇ ಕಡೆ. ಕಿಟಕಿಯಿಂದ ತಲೆ ಹೊರಗೆ ಹಾಕಿ, ಕತ್ತು ತಿರುಗಿಸಿ ನೋಡಿಕೊಳ್ಳುತ್ತಿದ್ದ. ಎಡಗಡೆಯದ್ದೇ ಕಷ್ಟ. ಆ ಬದಿಯ ಅಂಗಡಿಗಳು, ಗಲ್ಲಿಗಳು, ಜನ, ಎಲ್ಲ ಎಲ್ಲೋ ಅಳಿಸಿಹೋಗಿ, ರಸ್ತೆ ಒಂದು ಕೊಳವೆಯಂತೆ ಎದುರಿಗಷ್ಟೇ ಉಳಿದಿತ್ತು.

ಅಷ್ಟರಲ್ಲಿ ಶಾಲೆಗೆ ಬೇಸಿಗೆ ರಜೆ ಬಂತು. ಪ್ರತಿ ವರ್ಷ ಮಗಳನ್ನು ನೋಡಿಕೊಳ್ಳುತ್ತಿದ್ದ ಪಕ್ಕದ ಮನೆಯ ಅಜ್ಜಿ ಈ ಸಲ ತನ್ನ ಮಗಳ ಬಾಣಂತನಕ್ಕೆ ಹೋಗಿದ್ದಳು. "ಒಬ್ಳನ್ನೇ ಮನೇಲಿ ಬಿಟ್ಟು ಹೋಗೋದು ಹೆಂಗ್ರೀ?" ಎಂದು ಹೆಂಡತಿ ತಲೆ ಮೇಲೆ ಕೈಹೊತ್ತಾಗ, "ನಾನು ಗಾಡೀಲಿ ಕರ್ಕೊಂಡು ಹೋಗ್ತೀನಿ ಬಿಡು" ಎಂದ. ದೇವರಾಣೆಗೂ ಆ ಮಾತಿನಲ್ಲಿ ಬೇರೆ ಯೋಚನೆ ಇರಲಿಲ್ಲ. ಮೊದಲ ದಿನ ಅವಳು ಸುಮ್ಮನೆ ಹರಟುತ್ತ ಕೂತಿದ್ದಳು. ಸಂತೆಯ ರಸ್ತೆ ತಿರುಗುವಾಗ, "ಅಪ್ಪಾ, ಸೈಕಲ್!" ಎಂದಳು. ಅವನು ಬ್ರೇಕು ಹಾಕಿದ. ಎಡಗಡೆಯಿಂದ ಒಬ್ಬ ಹುಡುಗ ಸೈಕಲ್ಲಿನಲ್ಲಿ ಹಾಡು ಹೇಳಿಕೊಂಡು ಹಾದುಹೋದ. ಅವನಿಗೆ ಅದು ಕಂಡಿರಲೇ ಇಲ್ಲ. ಮರುಗಳಿಗೆ ಅವನು ಹೇಳಿದ್ದು ಇದು: "ಭೇಷ್! ಒಂದು ಆಟ ಆಡೋಣ್ವಾ?"

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯಿತು. ರಜೆ ಮುಗಿಯುವಷ್ಟರಲ್ಲಿ ಹೇಳಿಬಿಡುತ್ತೇನೆ ಎಂದು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಸುಳ್ಳೇನು, ಆ ದಿನಗಳು ಚೆನ್ನಾಗಿಯೂ ಇದ್ದವು. ಬೆಳಿಗ್ಗೆ ನೀರಿನ ಘಟಕದಲ್ಲಿ ಕ್ಯಾನು ತುಂಬುವಾಗ ಅವಳು ಮುಚ್ಚಳಗಳನ್ನು ಒತ್ತಿ ಒತ್ತಿ ನೋಡಿ, "ಇದು ಸೋರುತ್ತೆ, ಬದಲಾಯ್ಸಿ" ಎಂದು ಯಜಮಾನನ ಧಾಟಿಯಲ್ಲೇ ಗದರುತ್ತಿದ್ದಳು. ಅವನು ಹೆಗಲ ಮೇಲೆ ಕ್ಯಾನು ಹೊತ್ತು ಮಹಡಿ ಹತ್ತಿದರೆ ಅವಳು ಖಾಲಿ ಕ್ಯಾನನ್ನು ಮದ್ದಳೆಯಂತೆ ಬಾರಿಸಿಕೊಂಡು ಇಳಿಯುತ್ತಿದ್ದಳು. ಅವಳ ಜೊತೆ ಮೆಟ್ಟಿಲು ಇಳಿಯುವುದೂ ಅವನಿಗೆ ಹಗುರವಾಗಿತ್ತು. ಆ ಶಬ್ದ ಎಲ್ಲಿ ತಿರುಗುತ್ತದೋ ಅಲ್ಲಿ ತಿರುಗಿದರಾಯಿತು. ಮಧ್ಯಾಹ್ನ ಯಾವುದಾದರೂ ಮರದ ನೆರಳಿಗೆ ಗಾಡಿ ಹಾಕಿ ಡಬ್ಬಿ ಬಿಚ್ಚುತ್ತಿದ್ದರು. ಸೌತೆಕಾಯಿಗೆ ಉಪ್ಪು ಸವರಿ ದೊಡ್ಡ ಹೋಳನ್ನು ಅವಳಿಗೆ ಕೊಡುತ್ತಿದ್ದ. ಅವಳು ತಿರುಳನ್ನಷ್ಟೇ ತಿಂದು ಸಿಪ್ಪೆಯ ಕಡೆಯದ್ದನ್ನು ಅವನ ಡಬ್ಬಿಗೆ ಮೆಲ್ಲಗೆ ದಾಟಿಸುತ್ತಿದ್ದಳು. ಎಡಗಡೆಯಿಂದ ದಾಟಿಸುತ್ತಿದ್ದಳಾದ್ದರಿಂದ ಅವನಿಗೆ ಕಾಣುತ್ತಿರಲಿಲ್ಲ. ತನ್ನ ಡಬ್ಬಿಯಲ್ಲಿ ಸೌತೆಕಾಯಿ ಯಾಕೆ ಮುಗಿಯುವುದೇ ಇಲ್ಲ ಎಂದು ಅವನು ಎಷ್ಟೋ ದಿನದ ಮೇಲೆ ಕಂಡುಹಿಡಿದ. ನಕ್ಕ.

ಶಾಲೆ ತೆರೆಯಲು ಇನ್ನು ಕೆಲವೇ ದಿನ ಉಳಿದಿದ್ದಾಗ ಒಂದು ರಾತ್ರಿ ಊಟಕ್ಕೆ ಕೂತಿದ್ದರು. ನೀರಿನ ಲೋಟಕ್ಕೆ ಅವನ ಮೊಣಕೈ ತಾಗಿ ಅದು ಉರುಳಿತು.

"ನಿಮ್ಮ ಕಣ್ಣು ಎಲ್ಲಿರುತ್ತೆ ಅಂತೀನಿ!" ಎಂದು ಹೆಂಡತಿ ಬಟ್ಟೆ ತಂದು ಒರೆಸಿದಳು. "ಇಡೀ ಊರಿಗೆ ನೀರು ಹಂಚ್ತೀರಿ, ಮನೇಲೂ ಹಂಚ್ಬೇಕಾ?"

"ಅಪ್ಪಂಗೆ ಏನೂ ಕಾಣಲ್ಲಮ್ಮ," ಎಂದಳು ಮಗಳು ಬಾಯಿ ತುಂಬ ಅನ್ನ ಇಟ್ಟುಕೊಂಡು.

ಅವನ ಕೈ ತಟ್ಟೆಯಲ್ಲೇ ನಿಂತಿತು.

"ಆಟದಲ್ಲಿ ಕಣಮ್ಮ! ದಿನಾ ನಾನೇ ಗೆಲ್ಲೋದು. ಅಪ್ಪಂಗೆ ರಜೆ ಶುರುವಾದಾಗ್ಲಿಂದ ಸೊನ್ನೆ. ಬರೀ ಸೊನ್ನೆ."

ಹೆಂಡತಿ ನಕ್ಕಳು. ದಣಿದ ಮುಖದಲ್ಲಿ ಆ ನಗು ಅಪರೂಪವಾಗಿತ್ತು. "ಪಾಪ ಕಣೇ. ದಿನಾ ಸೋಲಿಸ್ತೀಯಲ್ಲ, ಒಂದಿನಾನಾದ್ರೂ ಗೆಲ್ಲೋಕೆ ಬಿಡೇ ನಮ್ಮ ಯಜಮಾನ್ರನ್ನ" ಎಂದಳು.

ಮಗಳು ಅನ್ನ ಅಗಿಯುವುದನ್ನು ನಿಲ್ಲಿಸಿ ಅಪ್ಪನ ಮುಖ ನೋಡಿದಳು. ಅವನು ತಡಕಿಕೊಂಡು ಲೋಟ ನೆಟ್ಟಗೆ ಮಾಡುತ್ತಿದ್ದ. ಗುಟ್ಟು ಬಯಲಾಗಲಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ, ಹೆಂಡತಿಯ ಮಾತು ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಮಾರನೆಯ ದಿನ ಬಿಸಿಲು ಬೆಳಿಗ್ಗೆಯೇ ಕಣ್ಣಿಗೆ ಚುಚ್ಚುತ್ತಿತ್ತು. ಮಗಳು ಎಂದಿನಂತೆ ಟವೆಲಿನ ಮೇಲೆ ಮಂಡಿಯೂರಿದಳು. ಸಂತೆ ರಸ್ತೆಯಲ್ಲಿ ಎರಡು ಸೈಕಲ್ಲು ಕೂಗಿದಳು, ಒಬ್ಬ ಮುದುಕಿಯನ್ನು ಕೂಗಿದಳು. ಆಮೇಲೆ ಯಾಕೋ ಮಾತು ಕಡಿಮೆ ಮಾಡಿ, ಒಳಗೊಳಗೇ ಏನೋ ಕುಲುಕುಲು ನಗುತ್ತಿರುವುದು ಕೇಳಿಸಿತು.

"ಏನೇ ಅದು?"

"ಏನಿಲ್ಲ. ನೀನು ರೋಡ್ ನೋಡು."

ದೊಡ್ಡ ಫ್ಲ್ಯಾಟಿನ ಗಲ್ಲಿಗೆ ಎಡಕ್ಕೆ ತಿರುಗಬೇಕು. ತಿರುವಿನ ಮೂಲೆಯಲ್ಲೇ ಗೇಟು, ಗೇಟಿನ ಪಕ್ಕ ಕೆಂಪು ಹೂವಿನ ಮರ, ಮರದ ಕೆಳಗೆ ಮುರುಕು ಪ್ಲಾಸ್ಟಿಕ್ ಕುರ್ಚಿಯಲ್ಲಿ ತಾತ. ವ್ಯಾನಿನ ಸದ್ದು ಕೇಳುತ್ತಲೇ ಆತ ಕುರ್ಚಿಯ ಕೈ ಹಿಡಿದು ಎದ್ದು, ಉದುರಿದ ಹೂಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿಕೊಂಡು ರಸ್ತೆಗೇ ಬಂದುಬಿಡುತ್ತಿದ್ದ. "ತಾತ ಎದ್ದ! ಹತ್ತು!" ಎಂದು ಅವಳು ಕಿವಿ ಹರಿಯುವಂತೆ ಕೂಗುತ್ತಿದ್ದಳು. ಅವನು ಗಾಡಿ ನಿಲ್ಲಿಸುತ್ತಿದ್ದ. ತಾತ ಕಿಟಕಿಯಲ್ಲಿ ಕೈ ತೂರಿಸಿ, "ತಗೊಳ್ಳಮ್ಮ ಮಹಾರಾಣಿ" ಎಂದು ಹೂ ಕೊಡುತ್ತಿದ್ದ. ಬೇಸಿಗೆಯುದ್ದಕ್ಕೂ ಇದು ತಪ್ಪಿದ್ದಿಲ್ಲ.

ಅವನು ಗೇರು ಇಳಿಸಿ ತಿರುಗಿಸಿದ. ಕೂಗಿಗಾಗಿ ಕಿವಿ ಕೊಟ್ಟ. ಕೂಗು ಬರಲಿಲ್ಲ. ತಾತ ಇವತ್ತು ಬಂದಿಲ್ಲವೇನೋ, ವಯಸ್ಸಾದ ಜೀವ, ಈ ಬಿಸಿಲಿಗೆ ಜ್ವರ ಗಿರ ಬಂತೋ ಏನೋ ಎಂದು ಅವನು ಮರುಕಪಟ್ಟದ್ದೂ ಉಂಟು. ಎಡಗಡೆ ಮೌನ ಎಂದರೆ ದಾರಿ ಖಾಲಿ. ಇಷ್ಟು ದಿನ ಅವನು ನಂಬಿಕೊಂಡು ಬಂದದ್ದು ಆ ಮೌನವನ್ನೇ. ಕಾಲು ಸ್ವಲ್ಪ ಒತ್ತಿದ.

ಧಡ್ ಎಂದಿತು. ದೊಡ್ಡ ಶಬ್ದವೇನಲ್ಲ. ಗೋಣಿಚೀಲ ಕೆಳಗಿಟ್ಟಷ್ಟು.

ಅವನು ಇಳಿದು, ಬಾನೆಟ್ಟು ಬಳಸಿಕೊಂಡು ಬಂದ ಮೇಲೆ ತಾತ ಕಂಡ. ಗೋಡೆಗೂ ಚಕ್ರಕ್ಕೂ ನಡುವೆ ಕೂತಿದ್ದ, ಬಿದ್ದವನ ಹಾಗಲ್ಲ, ಏನೋ ಹುಡುಕಲು ಕೂತವನ ಹಾಗೆ. ಒಂದು ಕಾಲು ಮಾತ್ರ ಮಂಡಿಯ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಡ್ರೈವರನ ಬಾಯಿಂದ "ತಾತಾ, ತಾತಾ" ಎನ್ನುವುದು ಬಿಟ್ಟು ಬೇರೆ ಮಾತೇ ಹೊರಡಲಿಲ್ಲ.

ಜನ ಸೇರಿದರು. ಇಂಥದ್ದಕ್ಕೆ ಜನ ಎಲ್ಲಿರುತ್ತಾರೋ, ಸೇರುವುದು ಮಾತ್ರ ತಡವಾಗುವುದಿಲ್ಲ. ಇಸ್ತ್ರಿ ಅಂಗಡಿಯವನು ಬಂದ, ಮಹಡಿಯಿಂದ ಹೆಂಗಸರು ಇಳಿದರು. ಹೊಡೆಯುತ್ತಾರೆ ಎಂದು ಅವನು ಕಾದ. ಹೊಡೆದಿದ್ದರೆ ಒಳ್ಳೆಯದಿತ್ತು.

"ನಾನು ದಿನಾ ಹೇಳ್ತಿದ್ದೆ, ರೋಡಿಗೆ ಓಡ್ಬೇಡ ತಾತ ಅಂತ," ಎಂದ ಇಸ್ತ್ರಿಯವನು. "ಕೇಳಿದ್ರೆ ತಾನೆ."

"ವಯಸ್ಸಾದ ಮೇಲೆ ಕಣ್ಣು ಸರಿ ಇರಲ್ಲ ನೋಡಿ," ಎಂದಳು ಒಬ್ಬಾಕೆ. "ಗಾಡಿ ಬರ್ತಿದೆ ಅನ್ನೋದೂ ಕಂಡಿಲ್ಲ ಪಾಪ."

"ಈ ಡ್ರೈವರ್ ಅಣ್ಣನ್ನ ನಾವು ಎಷ್ಟು ವರ್ಷದಿಂದ ನೋಡಿಲ್ಲ? ಬಂಗಾರದಂಥ ಮನುಷ್ಯ."

ತಾತನೂ ಹಲ್ಲು ಕಚ್ಚಿಕೊಂಡು ತಲೆಯಾಡಿಸಿದ. "ನಂದೇ ತಪ್ಪಪ್ಪಾ. ಮಗೂಗೆ ಹೂ ಕೊಡೋಣ ಅಂತ ಮುಂದೆ ಬಂದ್ಬಿಟ್ಟೆ. ನೀನು ನಿಲ್ಲಿಸ್ತೀಯ ಅಂದ್ಕೊಂಡೆ. ಮಗು ಹೆದರ್ಕೊಂಡ್ಳಾ ನೋಡು ಹೋಗು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಇಲ್ಲಿ ಎಮ್ಮೆಯೇ ಬೆನ್ನು ತೋರಿಸುತ್ತಿತ್ತು. ಅವನು ಬಾಯಿ ತೆರೆದ. ಈಗ ಹೇಳಬೇಕು, ಇಲ್ಲಿ, ಇವರೆಲ್ಲರ ಮುಂದೆ ಎಂದುಕೊಂಡ. ಯಾರೋ ಕಾರು ತಂದರು. ತಾತನನ್ನು ಎತ್ತುವಾಗ ಅವನೂ ಕೈ ಕೊಟ್ಟ. ಕಾರಿನ ಬಾಗಿಲು ಹಾಕಿಕೊಂಡಿತು. ಅವನು ಬಾಯಿ ಮುಚ್ಚಿದ.

ಫೋನಿನಲ್ಲಿ ಯಜಮಾನ ಎಲ್ಲ ಕೇಳಿಸಿಕೊಂಡ. "ಜನ ಏನಂತಾರೆ?"

"ತಾತಂದೇ ತಪ್ಪು ಅಂತಾರೆ."

"ಮತ್ತೆ ನೀನ್ಯಾಕಯ್ಯ ಅಳ್ತೀಯ? ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ. ಉಳಿದ ಕ್ಯಾನ್ ಹಾಕಿ ಬಾ. ಈ ಬಿಸಿಲಲ್ಲಿ ಜನ ನೀರಿಲ್ದೆ ಬಾಯಿ ಬಾಯಿ ಬಿಡ್ತಿದ್ದಾರೆ."

ಯಜಮಾನ ಕೆಟ್ಟವನಲ್ಲ. ಅದೇ ಕಷ್ಟ. ಡ್ರೈವರ್ "ಆಯ್ತು" ಎಂದು ಫೋನು ಜೇಬಿಗೆ ಹಾಕಿದ.

ವ್ಯಾನು ಹತ್ತಿದಾಗ ಮಗಳು ಸೀಟಿನ ಕೆಳಗೆ, ಕಾಲಿಡುವ ಜಾಗದಲ್ಲಿ ಮುದುಡಿ ಕೂತಿದ್ದಳು. ಎರಡೂ ಕೈ ಬಾಯಿಯ ಮೇಲಿದ್ದವು. ಅದನ್ನು ನೋಡಲು ಅವನು ಪೂರ್ತಿ ಆ ಕಡೆಗೆ ತಿರುಗಬೇಕಾಯಿತು.

"ತಾತಂಗೇನಾಗಿಲ್ಲ ಮಗಳೇ. ಕಾಲಿಗೆ ಪಟ್ಟಿ ಹಾಕ್ತಾರೆ, ಸರಿಹೋಗುತ್ತೆ. ಏಳು, ಮೇಲೆ ಕೂತ್ಕೊ."

"ನಾನು ನೋಡಿದ್ದೆ ಅಪ್ಪ," ಎಂದಳು ಕೈ ತೆಗೆಯದೆ.

"ಏನು?"

"ತಾತ ಏಳೋದು ನೋಡಿದ್ದೆ. ಹೂ ಎತ್ಕೊಂಡಿದ್ದೂ ನೋಡಿದ್ದೆ. ಅಮ್ಮ ಹೇಳಿದ್ಳಲ್ಲ, ಒಂದಿನ ಅಪ್ಪನ್ನ ಗೆಲ್ಲೋಕೆ ಬಿಡು ಅಂತ. ಹತ್ತೂ ನಿಂಗೇ ಸಿಗ್ಲಿ ಅಂತ ಬಾಯಿ ಮುಚ್ಕೊಂಡಿದ್ದೆ."

ರಾತ್ರಿ ತಲೆಗೆ ಹೋಗದ ಮಾತು ಈಗ ಹೋಗಿ ಕೂತಿತು.

"ನಿಂದೇನೂ ತಪ್ಪಿಲ್ಲ. ತಾತ ಹಂಗೆ ಮುಂದೆ ಬರ್ಬಾರ್ದಿತ್ತು."

"ತಾತ ದಿನಾ ಹಂಗೇ ಬರ್ತಿದ್ದ. ದಿನಾ ನಾನು ಕೂಗ್ತಿದ್ದೆ. ಇವತ್ತು ಕೂಗ್ಲಿಲ್ಲ."

ಇದಕ್ಕೆ ಇದ್ದದ್ದು ಒಂದೇ ಉತ್ತರ, ಅದನ್ನು ಕೊಡುವ ಧೈರ್ಯವಿರಲಿಲ್ಲ. ಕೀಲಿ ತಿರುಗಿಸಿ ಗಾಡಿ ಹೊರಡಿಸಿದ.

ಗಲ್ಲಿ ದಾಟುವಷ್ಟರಲ್ಲಿ ಅವಳು ಮೇಲೆದ್ದು ಕಿಟಕಿ ಹಿಡಿದಳು.

"ಕಂಬ," ಎಂದಳು.

ಅವನು ಗೇರು ಬದಲಾಯಿಸಿದ.

"ಗೋಡೆ. ಗೇಟು. ಇನ್ನೊಂದು ಕಂಬ. ಸೈಕಲ್ ನಿಂತಿದೆ, ಯಾರೂ ಇಲ್ಲ ಅದ್ರ ಮೇಲೆ. ಮರ. ಮರದ ಕೆಳಗೆ ಒಬ್ಬ ಕೂತಿದ್ದಾನೆ ಅಪ್ಪ, ಏಳಲ್ಲ ಅನ್ಸುತ್ತೆ, ಆದ್ರೂ ನಿಧಾನ ಹೋಗು. ಗೋಡೆ. ಗೋಡೆ. ಕಲ್ಲು. ಬಕೆಟ್ಟು. ಅಜ್ಜಿ. ನಾಯಿ ಮಲಗಿದೆ. ಕಂಬ."

ಒಂದಕ್ಕೂ ಲೆಕ್ಕ ಹೇಳಲಿಲ್ಲ. ಉಸಿರು ತೆಗೆದುಕೊಳ್ಳಲೂ ನಿಲ್ಲಿಸಲಿಲ್ಲ. ಒಂದು ಬಿಟ್ಟುಹೋದರೆ ಇನ್ನೊಬ್ಬರ ಕಾಲು ಮುರಿಯುತ್ತದೆ ಎಂದು ನಂಬಿದ ಮಗುವಿನ ದನಿ ಅದು. ನಡುನಡುವೆ ಮೂಗು ಎಳೆದುಕೊಳ್ಳುವ ಸದ್ದು. ಸಂತೆ ರಸ್ತೆ ಬಂತು. ಅಲ್ಲಿ ಎಡಗಡೆ ಎಷ್ಟೊಂದು ಜನ! ಅವಳ ಮಾತು ಓಡಿದರೂ ರಸ್ತೆ ಅದಕ್ಕಿಂತ ಜೋರಾಗಿ ಓಡುತ್ತಿತ್ತು. "ಅಪ್ಪಾ, ತುಂಬಾ ಇದ್ದಾರೆ, ನಂಗೆ ಹೇಳೋಕಾಗ್ತಿಲ್ಲ, ಅಪ್ಪಾ, ತುಂಬಾ ಇದ್ದಾರೆ!" ಎಂದು ಕೊನೆಗೆ ಅವಳು ಅತ್ತೇಬಿಟ್ಟಳು.

ಶಾಲೆ ತೆರೆಯುತ್ತದೆ, ಇವಳು ಈ ಸೀಟಿನಿಂದ ಇಳಿಯುತ್ತಾಳೆ ಎಂದೇ ಅವನು ಇಷ್ಟು ದಿನ ಅಂದುಕೊಂಡಿದ್ದ. ಇಳಿಯುವುದಿಲ್ಲ ಎಂದು ಆಗ ಗೊತ್ತಾಯಿತು. ಕೂದಲು ಬೆಳ್ಳಗಾದರೂ ಇವಳು ಇಲ್ಲೇ ಕೂತು ಕಂಬಗಳನ್ನು ಕೂಗುತ್ತಿರುತ್ತಾಳೆ.

ಮುಚ್ಚಿದ ಗೋದಾಮಿನ ಗೋಡೆಯ ಪಕ್ಕ ಅವನು ಗಾಡಿ ನಿಲ್ಲಿಸಿದ. ಕೀಲಿ ತೆಗೆದ. ಇಳಿದು, ಬಾನೆಟ್ಟಿನ ಮೇಲೆ ಕೈ ಆನಿಸಿಕೊಂಡು ಸುತ್ತಿ ಬಂದು ಎಡಗಡೆಯ ಬಾಗಿಲು ತೆರೆದ.

"ಬಾ ಕೆಳಗೆ. ಅಪ್ಪ ನಿಂಗೊಂದು ತೋರಿಸ್ಬೇಕು."

ಅವಳನ್ನು ಇಳಿಸಿ, ತನ್ನ ಎಡಗೈಯ ಪಕ್ಕಕ್ಕೆ, ಎರಡು ಮಾರು ದೂರದಲ್ಲಿ ನಿಲ್ಲಿಸಿದ. ತಾನು ಗೋಡೆಗೆ ಬೆನ್ನು ಕೊಟ್ಟು, ರಸ್ತೆಯಾಚೆಯ ಮುಚ್ಚಿದ ಬಾಗಿಲೊಂದರ ಮೇಲೆ ಕಣ್ಣು ನೆಟ್ಟ.

"ನಾನು ನೇರ ನೋಡ್ತಿರ್ತೀನಿ. ನೀನು ನನ್ನ ಸುತ್ತ, ಒಂದೊಂದೇ ಹೆಜ್ಜೆ ಮುಂದಕ್ಕೆ ಬಾ. ನೀನು ಕಂಡ ತಕ್ಷಣ ಹೇಳ್ತೀನಿ."

"ಆಟ ಬೇಡ ನಂಗೆ."

"ಆಟ ಅಲ್ಲ ಮಗಳೇ. ಬಾ."

ಚಪ್ಪಲಿಯ ಸದ್ದು ಕೇಳಿಸಿತು.

"ಈಗ?"

"ಇಲ್ಲ."

ಇನ್ನೊಂದು ಹೆಜ್ಜೆ. "ಈಗ?"

"ಇಲ್ಲ."

"ಕೈ ಬೀಸ್ತಿದ್ದೀನಿ ಅಪ್ಪ."

"ಕಾಣ್ತಿಲ್ಲ."

"ನಾಲಿಗೆ ಹೊರಗೆ ಹಾಕಿದ್ದೀನಿ."

"ಇಲ್ಲ ಕಣೇ."

ಸದ್ದು ಸ್ವಲ್ಪ ಹೊತ್ತು ನಿಂತಿತು. ಅವಳು ನಿಂತಲ್ಲೇ ಏನು ಮಾಡುತ್ತಿದ್ದಳೋ, ಹೇಗೆ ನೋಡುತ್ತಿದ್ದಳೋ. ಅವನು ಬಾಗಿಲಿನಿಂದ ಕಣ್ಣು ತೆಗೆಯಲಿಲ್ಲ. ಆಮೇಲೆ ಚಪ್ಪಲಿ ಮತ್ತೆ ಮೆಲ್ಲಗೆ ಸರಿಯಿತು, ಸರಿಯಿತು. ಬಾಗಿಲಿನ ಎಡ ಅಂಚಿನಲ್ಲಿ ಮೊದಲು ಒಂದು ಕಿವಿ, ಆಮೇಲೆ ಬೆವರಿಗೆ ಅಂಟಿದ ಕೂದಲು, ಧೂಳಿನ ಮೇಲೆ ಕಣ್ಣೀರು ಎಳೆದ ಗೆರೆಗಳಿದ್ದ ಕೆನ್ನೆ. ಅವಳು ಹೆಚ್ಚುಕಡಿಮೆ ಅವನ ಎದುರಿಗೇ ಬಂದಿದ್ದಳು.

"ಈಗ ಕಂಡೆ," ಎಂದ.

ಅವಳು ಹೊರಳಿ, ತಾನು ಮೊದಲು ನಿಂತಿದ್ದ ಜಾಗವನ್ನು ನೋಡಿದಳು. ಅಲ್ಲಿಂದ ಇಲ್ಲಿಯವರೆಗೆ ನೋಡಿದಳು.

"ಅಷ್ಟೂ ಕಾಣಲ್ವಾ?"

"ಅಷ್ಟೂ ಕಾಣಲ್ಲ. ರಜೆಗೆ ಮುಂಚೆಯಿಂದ್ಲೂ ಕಾಣಲ್ಲ. ಗಾಡಿ ಮುಟ್ಬೇಡ ಅಂತ ಡಾಕ್ಟರು ಹೇಳಿದ್ರು. ನಾನು ಕೇಳ್ಲಿಲ್ಲ. ನೀನು ಇವತ್ತು ಕೂಗ್ಲಿಲ್ಲ ಅಂತ ತಾತ ಬಿದ್ದಿದ್ದಲ್ಲ. ನಾನು ಗಾಡಿ ಓಡಿಸಿದ್ದಕ್ಕೆ ಬಿದ್ದಿದ್ದು. ತಿಳೀತಾ?"

ತಿಳಿಯಿತೋ ಇಲ್ಲವೋ. ಅವಳು ಮುಷ್ಟಿ ಕಟ್ಟಿ ಅವನ ಹೊಟ್ಟೆಗೆ ಒಂದು ಗುದ್ದು ಕೊಟ್ಟಳು. ಬಲವಾಗಿಯೇ ಕೊಟ್ಟಳು. ಇನ್ನೊಂದಕ್ಕೆ ಎತ್ತಿದ ಕೈಯನ್ನು ಅಲ್ಲೇ ಬಿಟ್ಟು, ಅವನ ಅಂಗಿಯಲ್ಲಿ ಮುಖ ಒರೆಸಿಕೊಂಡಳು.

"ಅಮ್ಮಂಗೆ ಗೊತ್ತಾ?"

"ಇಲ್ಲ."

"ತಾತಂಗೆ?"

"ಗೊತ್ತಿಲ್ಲ. ತನ್ನದೇ ತಪ್ಪು ಅಂದ್ಕೊಂಡು ಮಲಗಿರ್ತಾನೆ."

ಅವಳು ಯೋಚಿಸಿದಳು. "ಹಂಗಾದ್ರೆ ಮೊದ್ಲು ತಾತಂಗೆ ಹೇಳೋಣ," ಎಂದಳು.

ಅವನು ವ್ಯಾನಿನ ಬಾಗಿಲು ಹಾಕಿ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದ. ಹಿಂದೆ ಕ್ಯಾನುಗಳು ಬಿಸಿಲಿನಲ್ಲಿ ಹಾಗೇ ನಿಂತಿದ್ದವು. ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಯಜಮಾನನಿರಬೇಕು, ನೀರು ಬಾರದ ಯಾವುದೋ ಮನೆಯಿರಬೇಕು. ಬಡಿದುಕೊಂಡು ತಾನೇ ಸುಮ್ಮನಾಯಿತು. ಆಸ್ಪತ್ರೆ ದೂರವೇನಿರಲಿಲ್ಲ. ಆದರೆ ಈ ದಾರಿಯಲ್ಲಿ ಅವನು ನಡೆದುಹೋದದ್ದೇ ಇಲ್ಲ.

ಹೊರಡುವಾಗ ಅವಳು ಅವನ ಬಲಗಡೆಗಿದ್ದಳು. ಎರಡು ಹೆಜ್ಜೆ ಇಟ್ಟವಳು ನಿಂತು, ಹಿಂದಿನಿಂದ ಸುತ್ತಿ ಬಂದು ಎಡಗೈಯ ಬೆರಳು ಹಿಡಿದಳು.

"ಕಲ್ಲು," ಎಂದಳು.

ಅವನು ಕಾಲೆತ್ತಿ ದಾಟಿದ.

ಬಿಸಿಲು ನೆತ್ತಿಯ ಮೇಲಿತ್ತು. ಅಂಗಡಿಗಳು ಅರ್ಧ ಬಾಗಿಲು ಎಳೆದುಕೊಂಡಿದ್ದವು. ಇಬ್ಬರ ನೆರಳೂ ಕಾಲಬುಡದಲ್ಲೇ ಇತ್ತು.

"ಮೆಟ್ಟಿಲು. ಒಂದೇ ಇದೆ."

ಅವನು ಇಳಿದ. ಅದಕ್ಕೆಷ್ಟು ಎಂದು ಅವಳು ಹೇಳಲಿಲ್ಲ, ಅವನೂ ಕೇಳಲಿಲ್ಲ.